ಜಾರಿದ ಮನೆ, ಕಲ್ಲವ್ವನ ಒನಕೆ

ಬಹಳ ಹಿಂದೆ, ಬಿಸಿಲು ಅಪರೂಪದ ನೆಂಟನಂತೆ ಬಂದು ಹೋಗುತ್ತಿದ್ದ ಕಾಲದಲ್ಲಿ, ಕುಳಿರುನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮನುಷ್ಯರಿಗಿಂತ ಕುರಿಗಳು ಹೆಚ್ಚು, ಕುರಿಗಳಿಗಿಂತ ಮಂಜು ಹೆಚ್ಚು. ಹಾಗಾಗಿ ಉಣ್ಣೆ ಹೆಣೆಯಲು ಬಾರದವರೇ ಆ ನಾಡಿನಲ್ಲಿ ಇರಲಿಲ್ಲ. ರಾಜನೂ ದೂರು ಕೇಳುತ್ತ ಕೇಳುತ್ತ ಕಾಲುಚೀಲ ಹೆಣೆಯುತ್ತಿದ್ದ. ದೂರು ಉದ್ದವಾದರೆ ಕಾಲುಚೀಲವೂ ಉದ್ದವಾಗುತ್ತಿತ್ತು.

ಕಡ್ಡಿಯ ಮೇಲೆ ಸಾಲಾಗಿ ಕೂರುವ ಕುಣಿಕೆಗೆ ಅವರು ಮನೆ ಎನ್ನುತ್ತಿದ್ದರು. ಕುಣಿಕೆ ಕಡ್ಡಿಯಿಂದ ತಪ್ಪಿ ಬಿದ್ದರೆ ಮನೆ ಜಾರಿತು ಎನ್ನುತ್ತಿದ್ದರು. ಇದು ಬರೀ ಬಾಯಿಮಾತಲ್ಲ. ಅರಮನೆಯ ಗೋಪುರದಲ್ಲಿ ನಾಡಶಾಲು ಎಂಬ ಒಂದು ಶಾಲಿತ್ತು. ನಾಡಿನಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಕುಣಿಕೆ ಅದರ ಕಡ್ಡಿಯ ಮೇಲೆ. ದಿನಕ್ಕೆ ಒಂದು ಸಾಲು. ಹೆಣೆಯುತ್ತಿದ್ದವಳು ಒಬ್ಬ ಮುದುಕಿ, ಎಲ್ಲರೂ ಅವಳನ್ನು ಹೆಣಿಗೆಯಜ್ಜಿ ಎನ್ನುತ್ತಿದ್ದರು. ಹೊಸ ಮನೆ ಕಟ್ಟಿದರೆ ಎರಡು ಕುಣಿಕೆಗಳ ನಡುವಿನಿಂದ ಇನ್ನೊಂದನ್ನು ಎತ್ತುತ್ತಿದ್ದಳು. ಯಾವುದಾದರೂ ಮನೆ ಖಾಲಿಯಾದರೆ ಅದನ್ನು ಪಕ್ಕದ ಮನೆಯ ಜೊತೆ ಸೇರಿಸಿ ಹೆಣೆಯುತ್ತಿದ್ದಳು. ಅವಳ ಕೈಯಲ್ಲಿ ಒಂದು ಮನೆಯೂ ಜಾರಿರಲಿಲ್ಲ.

ಅಜ್ಜಿ ಸತ್ತ ವರ್ಷ ಮಂಜಿನಾಚೆಯಿಂದ ಸಿಕ್ಕರಾಯ ಎಂಬ ಮಾಂತ್ರಿಕ ಬಂದ. "ನಾನು ಹೆಣೆಯುತ್ತೇನೆ" ಅಂದ. ಕೈ ಬಲು ಚುರುಕು. ರಾಜ ಕಡ್ಡಿಗಳನ್ನು ಅವನಿಗೆ ಒಪ್ಪಿಸಿದ.

ಸಿಕ್ಕರಾಯ ಮಾಡುತ್ತಿದ್ದುದು ಇಷ್ಟು. ನಡುವಿನಲ್ಲಿ ಒಂದು ಮನೆಯನ್ನು ಮೆಲ್ಲಗೆ ಕಡ್ಡಿಯಿಂದ ಜಾರಿಸುವುದು. ಅದರ ನೂಲನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಸಾಲಿನ ಕೊನೆಯಲ್ಲಿ ಬೆರಳಿಗೆ ನೂಲು ಸುತ್ತಿ ಒಂದು ಹೊಸ ಮನೆ ಹಾಕಿ ಅದನ್ನು ತನ್ನದು ಮಾಡಿಕೊಳ್ಳುವುದು. ರಾಜನ ಕಡೆಯವರು ಬಂದು ಎಣಿಸಿದರೆ ಲೆಕ್ಕ ಸರಿ. ಹೆಣಿಗೆ ಕಲಿಯುವ ಹುಡುಗಿಯರೂ ಇದನ್ನೇ ಮಾಡುತ್ತಾರೆ, ಮನೆ ಜಾರಿದ್ದು ಗೊತ್ತಾಗದಿರಲೆಂದು ಅಂಚಿನಲ್ಲಿ ಒಂದನ್ನು ಸೇರಿಸಿಬಿಡುತ್ತಾರೆ. ಹುಡುಗಿಯರು ಮಾಡಿದರೆ ತಾಯಂದಿರು ಬೆನ್ನಿಗೆ ಒಂದು ಕೊಡುತ್ತಾರೆ. ಸಿಕ್ಕರಾಯ ಮಾಡಿದ್ದಕ್ಕೆ ರಾಜ ಜರಿಯ ಪೇಟ ಕೊಟ್ಟ. ಮೂಡಣ ಗುಡ್ಡದ ಮೇಲೆ ಸಿಕ್ಕರಾಯನ ಬಂಗಲೆ ದಿನದಿನಕ್ಕೂ ಬೆಳೆಯಿತು. ಬಾಗಿಲುಗಳು ಸಾಲುಸಾಲು, ಒಳಗೆ ಒಂದು ನರಪಿಳ್ಳೆಯೂ ಇಲ್ಲ.

ಆ ನಾಡಿನ ತುತ್ತತುದಿಯ ಓಣಿಯಲ್ಲಿ ದ್ಯಾಮಿ ಎಂಬ ಹೆಂಗಸಿದ್ದಳು. ಗಂಡ ಬೀರ ಕುರಿಮಂದೆಯ ಹಿಂದೆ ಹೋದವನು ಮಂಜಿನಲ್ಲಿ ಕಾಲು ಜಾರಿ ಸತ್ತಿದ್ದ. ಮನೆಯಲ್ಲಿ ಉಳಿದವರು ಅತ್ತೆ ಚೌಡವ್ವ, ಸೊಂಟದಿಂದ ಇಳಿಯದ ಮಗಳು ತುಂಗಿ, ಮತ್ತು ದ್ಯಾಮಿ. ದ್ಯಾಮಿಯ ಹೆಣಿಗೆ ಓಣಿಗೆಲ್ಲ ನಗೆಯ ವಿಷಯ. ಒಲೆ ನೋಡುತ್ತ, ಮಗು ನೋಡುತ್ತ, ಅತ್ತೆಗೆ ಎದುರುತ್ತರ ಕೊಡುತ್ತ ಹೆಣೆದರೆ ಮನೆ ಜಾರದೆ ಇನ್ನೇನಾಗುತ್ತದೆ?

"ಹೆಣೆಯೋದು ಗೇಣುದ್ದ, ಜಾರಿದ್ದು ಎತ್ತೋದು ಮಾರುದ್ದ" ಎನ್ನುತ್ತಿದ್ದಳು ಚೌಡವ್ವ. "ನೀನು ಹೆಣೆದ ಕುಲಾವಿ ಹಾಕಿದ್ರೆ ಮಗುವಿನ ತಲೆಗೆ ಗಾಳಿ ಚೆನ್ನಾಗಿ ಆಡುತ್ತೆ."

"ಗಾಳಿ ಆಡ್ಲಿ ಬಿಡಿ ಅತ್ತೆ. ನಿಮ್ಮ ಮಾತಿನ ಹೊಗೆಯಾದ್ರೂ ಹೊರಗೆ ಹೋಗುತ್ತೆ" ಎನ್ನುತ್ತಿದ್ದಳು ದ್ಯಾಮಿ.

ಒಂದು ದಿನ ಗುಡ್ಡದ ಮೇಲೆ ಟಗರೊಂದು ಕೂಗುವುದು ಕೇಳಿಸಿತು. ತಮ್ಮದೇ ಇರಬೇಕೆಂದು ದ್ಯಾಮಿ ಮಗುವನ್ನು ಅತ್ತೆಗೆ ಕೊಟ್ಟು ಹತ್ತಿಹೋದಳು. ಟಗರು ತಮ್ಮದಾಗಿರಲಿಲ್ಲ. ಒಂಟಿಕೊಂಬಿನ, ಬಿಳಿ ಗಡ್ಡದ, ಯಾರದೋ ಮುದಿ ಟಗರು. ಬೈದುಕೊಂಡು ಇಳಿದು ಬಂದಳು. ಓಣಿಗೆ ಬಂದು ನೋಡಿದರೆ ಮನೆ ಇಲ್ಲ.

ಬಿದ್ದಿಲ್ಲ, ಸುಟ್ಟಿಲ್ಲ. ಈಚೆಗೆ ಕಲ್ಲವ್ವನ ಮನೆ, ಆಚೆಗೆ ಈರಣ್ಣನ ಮನೆ, ಎರಡೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಡುವೆ ಒಂದು ಬೆಕ್ಕು ತೂರುವಷ್ಟೂ ಜಾಗವಿಲ್ಲ.

ಕಲ್ಲವ್ವ ಬಾಗಿಲಲ್ಲಿ ಕೂತು ಒರಳನ್ನು ನೋಡುತ್ತ ಗೊಣಗುತ್ತಿದ್ದಳು.

"ಕಲ್ಲಕ್ಕ, ನಮ್ಮ ಮನೆ ಎಲ್ಲಿ?"

ಕಲ್ಲವ್ವ ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರವ್ವ ನೀನು? ಯಾರ ಮನೆಯವಳು?"

"ತಮಾಷೆ ಸಾಕು. ನಾನು ದ್ಯಾಮಿ. ಚೌಡವ್ವನ ಸೊಸೆ."

"ಯಾವ ಚೌಡವ್ವ? ಈ ಓಣೀಲಿ ಚೌಡವ್ವ ಅನ್ನೋರು ಯಾರೂ ಇಲ್ಲ. ಸುಮ್ನೆ ಹೋಗು ತಾಯಿ, ನನಗೆ ತಲೆಕೆಟ್ಟಿದೆ. ಯಾರೋ ನನ್ನ ಒನಕೆ ತಗೊಂಡು ಹೋದೋರು ವಾಪಸ್ ಕೊಟ್ಟಿಲ್ಲ. ಯಾರು ಅಂತ ಮಾತ್ರ ಸುಟ್ಟರೂ ನೆನಪಾಗ್ತಿಲ್ಲ."

ಒನಕೆ ತಂದವಳು ಚೌಡವ್ವ. ಅದು ದ್ಯಾಮಿಗೆ ಗೊತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಅದು ನಿಂತಿದ್ದ ಜಾಗವೂ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಈರಣ್ಣನನ್ನು ಕೇಳಿದಳು, ಬಾವಿಯ ಬಳಿ ಇದ್ದವರನ್ನು ಕೇಳಿದಳು, ತನ್ನ ಮದುವೆಯಲ್ಲಿ ಎರಡೆರಡು ಸಲ ಪಾಯಸ ಬಡಿಸಿಕೊಂಡವರನ್ನು ಕೇಳಿದಳು. ಎಲ್ಲರೂ ಮರ್ಯಾದೆಯಾಗಿಯೇ ಮಾತಾಡಿಸಿದರು. ಯಾರೋ ಕುಡಿಯಲು ನೀರನ್ನೂ ಕೊಟ್ಟರು. ಕೊನೆಗೆ ಒಂದೇ ಮಾತು ಕೇಳಿದರು: "ಯಾರ ಮನೆಯವಳು?"

ಮದುವೆಯಾಗಿ ಬಂದಾಗಿನಿಂದ ಕಂಡ ಓಣಿಯಲ್ಲಿ ನಿಂತು ಅವಳು ಅಪರಿಚಿತೆಯಾಗಿದ್ದಳು. ಕಾಡಿನಲ್ಲಾದರೆ ಒಬ್ಬಳೇ ಇದ್ದೇನೆಂದು ಅಳಬಹುದು. ಇಲ್ಲಿ ಅಳುವುದಕ್ಕೂ ಒಂದು ಮೂಲೆ ಇರಲಿಲ್ಲ.

ಮತ್ತೆ ಗುಡ್ಡ ಹತ್ತಿದಳು. ಮುದಿ ಟಗರು ಅಲ್ಲೇ ಮಲಗಿತ್ತು.

"ಬಂದೆಯಾ?" ಅಂದಿತು ಟಗರು. "ನಾನು ಹೆಣಿಗೆಯಜ್ಜಿಯ ಟಗರು. ಕೂಗಿ ಕೂಗಿ ಒಬ್ಬಳನ್ನಾದರೂ ಹೊರಗೆ ಕರೆದೆನಲ್ಲ, ಅಷ್ಟೇ ಸಮಾಧಾನ. ನಿನ್ನ ಮನೆ ಜಾರಿದೆ. ಮನೆಯೊಳಗಿದ್ದವರು ಅದರ ಜೊತೆ ಇಳಿಯುತ್ತಿದ್ದಾರೆ. ಒಂದೊಂದು ಸಾಲು ಇಳಿದಂತೆ ಒಂದೊಂದು ದಿನ ಅಳಿಯುತ್ತದೆ. ಬೇರೆಯವರು ಆಗಲೇ ಮರೆತರು. ನೀನು ಮೇಲಿನಿಂದ ಕೆಳಕ್ಕೆ ಮರೆಯುತ್ತ ಹೋಗುತ್ತೀಯ. ಬುಡ ಮುಟ್ಟಿದರೆ ಆ ಮನೆ ಇರಲೇ ಇಲ್ಲ."

ದ್ಯಾಮಿ ನೆನಪು ಮಾಡಿಕೊಂಡಳು. ಬೆಳಿಗ್ಗೆ ತುಂಗಿ ಏನು ತಿಂದಳು? ನೆನಪಾಗಲಿಲ್ಲ. ನಿನ್ನೆ? ಅದೂ ಇಲ್ಲ.

"ನಾನೇನು ಮಾಡಲಿ?"

"ಜಾರಿದ್ದನ್ನು ಎತ್ತುವುದು ನಿನಗೆ ಗೊತ್ತಲ್ಲ."

"ಅದೊಂದೇ ಗೊತ್ತು" ಅಂದಳು ದ್ಯಾಮಿ.

ಟಗರು ಕೊಂಬನ್ನು ಬಂಡೆಗೆ ಗುದ್ದಿತು. ತುದಿ ಮುರಿದು ಅವಳ ಮಡಿಲಿಗೆ ಬಿತ್ತು. ಕಿರುಬೆರಳಿನಷ್ಟು ಉದ್ದ, ಕೊನೆಯಲ್ಲಿ ಕೊಕ್ಕೆಯಂತೆ ಬಾಗಿತ್ತು. "ಇದನ್ನು ತಗೊ. ಕುಣಿಕೆಗೆ ಬಾಯಿ ಹಚ್ಚಿ ಮಾತಾಡಿದರೆ ಆ ಮನೆಯ ಒಲೆಯ ಬಳಿ ಕೇಳಿಸುತ್ತದೆ, ಅಜ್ಜಿ ಹಾಗೇ ಎಲ್ಲರ ಕ್ಷೇಮ ಕೇಳುತ್ತಿದ್ದಳು. ಬೇಗ ಗೋಪುರಕ್ಕೆ ಹೋಗು, ನಿನ್ನ ಮನೆ ಜಾರಿಸಿದ ಸಿಕ್ಕರಾಯ ಅಂಚಿನಲ್ಲಿ ತನ್ನ ಮನೆ ಹಾಕಿಕೊಳ್ಳುತ್ತಿದ್ದಾನೆ."

ಗೋಪುರದ ಮೊದಲ ಬಾಗಿಲಲ್ಲಿ ಒಂದು ನಾಯಿಯಿತ್ತು. ಮೈಯೆಲ್ಲ ಉಣ್ಣೆಯ ಸಿಕ್ಕು, ಕಣ್ಣು ಎಲ್ಲಿ ಬಾಲ ಎಲ್ಲಿ ಎಂದೇ ತಿಳಿಯುತ್ತಿರಲಿಲ್ಲ.

"ಯಾರ ಮನೆಯವಳು?" ಎಂದಿತು ನಾಯಿ.

"ಚೌಡವ್ವನ ಮನೆಯವಳು. ತುಂಗಿಯ ತಾಯಿ. ಕಲ್ಲವ್ವನ ಒನಕೆ ತಂದು ಕೊಡದ ಮನೆಯವಳು."

"ಅಂಥ ಮನೆ ಕಡ್ಡಿಯ ಮೇಲಿಲ್ಲ. ಕಚ್ಚುತ್ತೇನೆ."

"ಕಚ್ಚೋಕೆ ಬಾಯಿ ಹುಡುಕ್ಕೊಬೇಕಲ್ಲ ಮೊದಲು" ಅಂದಳು ದ್ಯಾಮಿ. "ನಿನ್ನ ಗತಿ ನೋಡು. ಮೈ ಕೆರೆದುಕೊಂಡು ಎಷ್ಟು ದಿನ ಆಯ್ತು?"

ನಾಯಿ ಬಾಗಿಲಿಗೆ ಅಡ್ಡವಾಗಿ ಮಲಗಿತು. ದ್ಯಾಮಿ ಕೂತು ಸಿಕ್ಕು ಬಿಡಿಸಿದಳು. ಸಿಕ್ಕು ಬಿಡಿಸುವುದು ಅವಸರದ ಕೆಲಸವಲ್ಲ. ಎಳೆದರೆ ಬಿಗಿಯುತ್ತದೆ, ಸಡಿಲ ಬಿಟ್ಟರೆ ದಾರಿ ತೋರುತ್ತದೆ. ಅವಳು ಒಂದೊಂದೇ ಎಳೆ ಬಿಡಿಸುವಾಗ ಅವಳೊಳಗೆ ಒಂದೊಂದೇ ದಿನ ಕಳಚಿಹೋಯಿತು. ಮಗು ನಡೆದ ದಿನ ಹೋಯಿತು. ಮಗುವಿಗೆ ಹಲ್ಲು ಬಂದ ದಿನ ಹೋಯಿತು. ಕೊನೆಯ ಗಂಟು ಬಿಚ್ಚಿದಾಗ ನಾಯಿ ತನ್ನ ಕಿವಿಯನ್ನು ತಾನೇ ಕೆರೆದುಕೊಂಡು, ಸುಖದಿಂದ ಬಾಗಿಲಿಗೆ ಅಡ್ಡವಿದ್ದ ಮೈಯನ್ನು ಪಕ್ಕಕ್ಕೆ ಚೆಲ್ಲಿತು.

ಎರಡನೆಯ ಬಾಗಿಲಲ್ಲಿ ಎಮ್ಮೆಯಷ್ಟು ದೊಡ್ಡ ನುಸಿ ರೆಕ್ಕೆ ಹರಡಿ ಕೂತಿತ್ತು. ಅದಕ್ಕೆ ಉಣ್ಣೆಯೇ ಊಟ.

"ಯಾರ ಮನೆಯವಳು?" ಎಂದಿತು ನುಸಿ.

"ಅತ್ತೆಯ ಮನೆಯವಳು." ಅತ್ತೆಯ ಹೆಸರು ನಾಲಿಗೆಗೆ ಬರಲಿಲ್ಲ. "ಒಂದು ಮಗುವಿನ ತಾಯಿ. ಕಲ್ಲವ್ವನ ಒನಕೆ ತಂದು ಕೊಡದ ಮನೆಯವಳು."

"ಅಂಥ ಮನೆ ಕಡ್ಡಿಯ ಮೇಲಿಲ್ಲ. ಹೊದ್ದಿದ್ದನ್ನು ಕೊಡು, ಇಲ್ಲವೇ ಹಿಂದಕ್ಕೆ ಹೋಗು."

ಅವಳು ಹೊದ್ದಿದ್ದುದು ತಾನೇ ಹೆಣೆದ ಶಾಲು. ಮೂಡಣ ಗಾಳಿ ಮೂಳೆಗೆ ನಾಟುತ್ತಿತ್ತು. ತೆಗೆದು ಕೊಟ್ಟಳು.

ನುಸಿ ತಿಂದು ಮುಖ ಕಿವುಚಿತು. "ಅರ್ಧ ಬರೀ ತೂತು. ಇದನ್ನು ಯಾರು ಹೆಣೆದದ್ದು?"

"ನಾನೇ. ಪುಕ್ಕಟೆ ತಿನ್ನೋರು ರುಚಿ ನೋಡಬಾರದು. ಜರುಗು."

ನುಸಿ ಜರುಗಿತು. ಅವಳು ಹೊದಿಕೆಯಿಲ್ಲದೆ ನಡುಗುತ್ತ ಮೆಟ್ಟಿಲು ಹತ್ತಿದಳು. ಎಲ್ಲಿಗೆ ಹೋಗುತ್ತಿದ್ದೇನೆಂಬುದು ಒಂದೆರಡು ಸಲ ಮರೆತುಹೋಯಿತು. ಮುಷ್ಟಿಯಲ್ಲಿದ್ದ ಕೊಕ್ಕೆ ಅಂಗೈಗೆ ಚುಚ್ಚಿ ನೆನಪಿಸಿತು.

ಮೂರನೆಯ ಬಾಗಿಲು ತೆರೆದೇ ಇತ್ತು. ಒಳಗೆ ಸಿಕ್ಕರಾಯ ಕೂತಿದ್ದ. ಮೊಣಕಾಲಿನಿಂದ ಕೆಳಗೆ ಕೋಣೆಯ ತುಂಬ ನಾಡಶಾಲು ಹರಡಿತ್ತು. ಅವನ ಎರಡು ಕೈಯೂ ಕಡ್ಡಿಗಳ ಮೇಲಿದ್ದವು.

"ಯಾರ ಮನೆಯವಳು ತಾಯಿ?" ಅಂದ ಅವನು, ನಗುತ್ತ.

ದ್ಯಾಮಿ ಬಾಯಿ ತೆರೆದಳು. ಅತ್ತೆ ಇದ್ದಳೋ ಇಲ್ಲವೋ ತಿಳಿಯಲಿಲ್ಲ. ಮಗು ಇತ್ತೋ ಇಲ್ಲವೋ ತಿಳಿಯಲಿಲ್ಲ. "ಕಲ್ಲವ್ವನ ಒನಕೆ ತಂದು ಕೊಡದ ಮನೆಯವಳು" ಅಂದಳು. ಒನಕೆ ಕಲ್ಲವ್ವನದು, ಜಾರಿದ ಮನೆಯದಲ್ಲ, ಹಾಗಾಗಿ ಅವಳ ಬಳಿ ಉಳಿದದ್ದು ಅದೊಂದೇ.

"ಪಾಪ" ಅಂದ ಸಿಕ್ಕರಾಯ. "ಒಂದು ಮಾತು ಹೇಳಲೇ? ನಿನಗೂ ಒಂದು ಹೊಸ ಮನೆ ಹಾಕಿಕೊಡುತ್ತೇನೆ. ಅಂಚಿನಲ್ಲಿ, ಬಿಸಿಲು ಬೀಳುವ ಕಡೆ. ಒಲೆ ಹೊಗೆಯಾಡುವುದಿಲ್ಲ, ಬೈಯುವವರಿಲ್ಲ, ಅಳುವವರಿಲ್ಲ. ಲೆಕ್ಕವೂ ಸರಿಹೋಗುತ್ತದೆ. ನೀನು ಹುಡುಕುವುದು ಏನೆಂದು ನಿನಗೇ ಗೊತ್ತಿಲ್ಲವಲ್ಲ."

ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಬೆಚ್ಚಗಿನ ಮನೆ ಎಂದರೆ ಬೇಡವೆನ್ನುವಂತೆಯೂ ಇರಲಿಲ್ಲ, ಅಷ್ಟು ಚಳಿ. ಆಗ ಅವಳು ತನ್ನ ನೆರಳು ಗೋಡೆಯ ಮೇಲೆ ಬಿದ್ದಿರುವುದನ್ನು ಕಂಡಳು. ನೆರಳು ನೆಟ್ಟಗೆ ನಿಂತಿರಲಿಲ್ಲ. ಎಡ ಸೊಂಟ ಹೊರಕ್ಕೆ ಚಾಚಿ ಓರೆಯಾಗಿ ನಿಂತಿತ್ತು. ಮಗು ಹೊತ್ತು ಹೊತ್ತು ಅಭ್ಯಾಸವಾದವರು ಮಾತ್ರ ಹಾಗೆ ನಿಲ್ಲುತ್ತಾರೆ.

"ಇಲ್ಲಿ ಯಾರೋ ಕೂತಿದ್ದರು" ಅಂದಳು ದ್ಯಾಮಿ, ಸೊಂಟ ಮುಟ್ಟಿಕೊಂಡು. "ನಿನ್ನ ಹೊಸ ಮನೆ ನೀನೇ ಇಟ್ಕೊ."

ಅವಳು ಶಾಲಿನ ಮೇಲೆ ಮಂಡಿಯೂರಿದಳು. ಮನೆ ಜಾರಿದ ಕಡೆ ಶಾಲಿನಲ್ಲಿ ಏಣಿ ಬಿದ್ದಿರುತ್ತದೆ. ಕುಣಿಕೆ ಇರಬೇಕಾದಲ್ಲಿ ಬರಿಯ ಅಡ್ಡನೂಲುಗಳು, ಒಂದರ ಕೆಳಗೊಂದು. ಅಂಥ ಏಣಿಗಳು ಅಲ್ಲಿ ಬೇಕಾದಷ್ಟಿದ್ದವು, ಅವುಗಳ ಕುಣಿಕೆಗಳು ನಡುವೆ ಎಲ್ಲೋ ಗಂಟಿಗೆ ಸಿಕ್ಕಿ ನಿಂತಿದ್ದವು. ಒಂದರ ತಳದಲ್ಲಿ ಒಂದು ಪುಟ್ಟ ಕುಣಿಕೆ ಇನ್ನೂ ಇಳಿಯುತ್ತಲೇ ಇತ್ತು, ಬುಡಕ್ಕೆ ಒಂದೇ ಒಂದು ಸಾಲು ಬಾಕಿ. ದ್ಯಾಮಿ ಕೊಂಬಿನ ಕೊಕ್ಕೆಯನ್ನು ಅದರೊಳಗೆ ತೂರಿಸಿದಳು. ಕುಣಿಕೆ ನಿಂತಿತು.

"ಬಿಡು ಅದನ್ನು" ಎಂದು ಗದರಿದ ಸಿಕ್ಕರಾಯ. "ಬಿಡದಿದ್ದರೆ ಕಡ್ಡಿ ಎಳೆದುಬಿಡುತ್ತೇನೆ. ಎಲ್ಲ ಮನೆಗಳೂ ಜಾರುತ್ತವೆ."

"ಎಳಿ" ಅಂದಳು ದ್ಯಾಮಿ, ತಲೆಯೆತ್ತದೆ. "ಕಡ್ಡಿಯ ತುದಿಯಲ್ಲಿರೋದು ಕೊನೆಗೆ ಹಾಕಿದ ಮನೆ. ಮೊದಲು ಜಾರೋದು ಅದೇ. ಅದು ಯಾರದು?"

ಸಿಕ್ಕರಾಯ ಕಡ್ಡಿಗಳನ್ನು ಇನ್ನೂ ಬಿಗಿಯಾಗಿ ಹಿಡಿದ. ಕಡ್ಡಿ ಬಿಡುವಂತಿಲ್ಲ, ಹಿಡಿದರೆ ಅವಳನ್ನು ತಡೆಯಲು ಕೈಯಿಲ್ಲ.

ಎತ್ತುವ ಕೆಲಸ ದೊಡ್ಡದೇನಲ್ಲ. ಕುಣಿಕೆಯೊಳಗಿನ ಕೊಕ್ಕೆಯಿಂದ ಮೇಲಿನ ಅಡ್ಡನೂಲನ್ನು ಹಿಡಿಯಬೇಕು, ಕುಣಿಕೆಯ ಒಳಗಿಂದ ಎಳೆಯಬೇಕು. ಎಳೆದದ್ದೇ ಹೊಸ ಕುಣಿಕೆ. ಮತ್ತೆ ಅದರ ಮೇಲಿನದು. ಆದರೆ ದ್ಯಾಮಿ ಎಳೆದರೆ ನೂಲು ಬರಲಿಲ್ಲ. ಸಿಕ್ಕರಾಯ ಸಡಿಲವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿದ್ದ. ಅಡ್ಡನೂಲು ತಂತಿಯಂತೆ ಬಿಗಿದಿತ್ತು. ಹೀಗಾದಾಗ ಒಂದೇ ದಾರಿ, ಪಕ್ಕದ ಮನೆಗಳಿಂದ ಸ್ವಲ್ಪ ಸ್ವಲ್ಪ ಸಡಿಲ ತೆಗೆದುಕೊಳ್ಳಬೇಕು. ಅವರು ಕೊಡಬೇಕು.

ಪಕ್ಕದ ಕುಣಿಕೆಗೆ ಬಾಯಿ ಹಚ್ಚಿದಳು. "ಕಲ್ಲಕ್ಕ."

"ಯಾರದು ನನ್ನ ಒಲೆಯೊಳಗೆ?"

"ನಿಮ್ಮ ಗೋಡೆ ಒಂದು ಗೇಣು ಆಚೆ ಸರಿಸ್ಕೊಳ್ಳಿ. ನಮ್ಮ ಮನೆಗೆ ಜಾಗ ಬೇಕು."

"ಯಾರ ಮನೆಗೆ? ಯಾರು ಅಂತ ಗೊತ್ತಿಲ್ಲದೋರಿಗೆ ನನ್ನ ಗೋಡೆ ಯಾಕೆ ಕೊಡಲಿ?"

ದ್ಯಾಮಿಗೆ ಹೇಳಲು ಹೆಸರಿರಲಿಲ್ಲ, ನೆಂಟಸ್ತಿಕೆ ಇರಲಿಲ್ಲ. "ನಿಮ್ಮ ಒನಕೆ ನಮ್ಮ ಮನೇಲಿದೆ ಕಲ್ಲಕ್ಕ" ಅಂದಳು. "ಮನೆ ಬಂದ್ರೆ ಒನಕೆ ಬರುತ್ತೆ."

ಕಲ್ಲವ್ವನ ದನಿ ಗೋಪುರ ನಡುಗುವಂತೆ ಬಂತು. "ಹಾಗಾದ್ರೆ ನೀವೇನಾ? ಭತ್ತ ಕುಟ್ಟೋಕಿಲ್ದೆ ಎಷ್ಟು ದಿನದಿಂದ ಗಂಜಿ ಕುಡೀತಾ ಇದೀನಿ ಗೊತ್ತಾ? ತಡಿ, ಅಲ್ಲೇ ಇರು. ಎಲ್ಲಿಗೂ ಹೋಗಬೇಡ. ಏ ಈರಣ್ಣ, ನಿನ್ನ ಕಟ್ಟಿಗೆ ರಾಶಿ ಆಚೆ ತಳ್ಳು, ಗೋಡೆ ಸರಿಸಬೇಕಂತೆ. ಯಾಕೆ ಅಂದ್ರೆ? ನನ್ನ ಒನಕೆ ಬರಬೇಕು, ಅದಕ್ಕೆ."

ಕಲ್ಲವ್ವ ಮಂಚ ಸರಿಸಿದಳು, ಗೋಡೆ ಅದರ ಹಿಂದೆ ಸರಿಯಿತು. ಈರಣ್ಣ ಕಟ್ಟಿಗೆ ಸರಿಸಿದ, ಅವನ ಪಕ್ಕದವರು ತೊಟ್ಟಿಲು ಸರಿಸಿದರು. ಓಣಿಯಿಂದ ಓಣಿಗೆ ಸುದ್ದಿ ಹೋಯಿತು, ಯಾರಿಗೋ ಜಾಗ ಬೇಕಂತೆ. ಮನೆಮನೆಯೂ ಬೆರಳಷ್ಟು ಬೆರಳಷ್ಟು ಬಿಟ್ಟುಕೊಟ್ಟಿತು. ಅಡ್ಡನೂಲು ಸಡಿಲವಾಯಿತು.

ದ್ಯಾಮಿ ಎಳೆದಳು. ಒಂದು ಸಾಲು ಬಂತು, ಅದರ ಜೊತೆ ಒಂದು ದಿನ ಬಂತು. ಮದುವೆಗೆಂದು ಕಟ್ಟಿದ ಹೊಸ ಮನೆಯ ಹೊಸ್ತಿಲನ್ನು ಅವಳು ಸೊಸೆಯಾಗಿ ದಾಟಿದ ದಿನ. ಇನ್ನೊಂದು ಸಾಲು, ಅತ್ತೆ ಮೊದಲ ಸಲ ಬೈದ ದಿನ. ಅದು ಮರುದಿನವೇ. ಬೀರ ನಕ್ಕ ದಿನ, ಬೀರ ಸಿಟ್ಟಾದ ದಿನ, ತುಂಗಿ ಹುಟ್ಟಿದ ದಿನ. ಹೆಸರು ಬಂತು, ಮುಖ ಬಂತು, ಎದೆಹಾಲಿನ ವಾಸನೆ ಬಂತು.

ಆಮೇಲೆ ಕೊಕ್ಕೆಯ ತುದಿಗೆ ಒಂದು ಅಡ್ಡನೂಲು ಸಿಕ್ಕಿತು. ಬೆರಳು ಸೋಕಿದ ಕೂಡಲೇ ಅವಳಿಗೆ ತಿಳಿಯಿತು. ಬೀರ ಬಾರದೆ ಹೋದ ದಿನ.

ಬಿಟ್ಟುಬಿಡಬಹುದಿತ್ತು. ಒಂದನ್ನು ದಾಟಿ ಅದರ ಮೇಲಿನದನ್ನು ಹಿಡಿದರೂ ಏಣಿ ಹತ್ತುತ್ತದೆ. ಬಿಟ್ಟ ನೂಲು ಮಾತ್ರ ಹಿಂದುಗಡೆ ಜೋತಾಡುತ್ತದೆ, ಯಾರ ಉಂಗುರಕ್ಕೋ ಸಿಕ್ಕಿ ಎಂದೋ ಒಂದು ದಿನ ಎಲ್ಲವನ್ನೂ ಬಿಚ್ಚುತ್ತದೆ. ಅದು ಅವಳಿಗೆ ತನ್ನದೇ ಕುಲಾವಿಗಳಿಂದ ಗೊತ್ತಿತ್ತು. ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಕಾಣದೆಯೇ ಕೊಕ್ಕೆ ಹಾಕಿ ಆ ದಿನವನ್ನೂ ಎಳೆದಳು. ಬಂತು. ಒಬ್ಬಳೇ ಬಾಗಿಲಲ್ಲಿ ನಿಂತಿದ್ದು, ಕುರಿಗಳು ಮಾತ್ರ ಇಳಿದು ಬಂದಿದ್ದು, ಎಲ್ಲವೂ ಬಂತು. ಅದರ ಮೇಲಿನದನ್ನು ಹಿಡಿದಳು.

ಅವಳು ಎತ್ತಿದಂತೆಲ್ಲ ನೂಲು ಬೇಕಾಯಿತು. ಮನೆಯಿಂದ ಮನೆಗೆ ಸರಿದು ಬಂದ ಎಳೆತ ಕೊನೆಗೆ ಅಂಚನ್ನು ಮುಟ್ಟಿತು. ಬೆರಳಿಗೆ ಸುತ್ತಿ ಹಾಕಿದ ಮನೆಗೆ ಬುಡವಿರುವುದಿಲ್ಲ, ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಸಿಕ್ಕರಾಯನ ಮನೆಗಳು ಪಟಪಟನೆ ಬಿಚ್ಚಿಕೊಂಡವು. ಕಿಟಕಿಯಾಚೆ ಗುಡ್ಡದ ಮೇಲಿನ ಬಂಗಲೆ ಬಾಗಿಲು ಬಾಗಿಲಾಗಿ ನೂಲಾಗಿ ಹರಿಯಿತು. ಸಿಕ್ಕರಾಯ ಕಡ್ಡಿ ಬಿಟ್ಟು ಓಡಿದ. ಕಡ್ಡಿ ನೆಲ ಮುಟ್ಟುವ ಮುಂಚೆ ದ್ಯಾಮಿ ಹಿಡಿದಳು, ತನ್ನ ಮನೆಯನ್ನು ಅದರ ಮೇಲೆ ಕೂರಿಸಿದಳು.

ಕೆಳಬಾಗಿಲಲ್ಲಿ ನಾಯಿ ಎದ್ದು ನಿಂತಿತ್ತು. ಈಗ ಅದಕ್ಕೆ ಬಾಯಿ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು.

"ಯಾರ ಮನೆಯವನು?" ಎಂದು ಕೇಳಿತು.

ಸಿಕ್ಕರಾಯನಿಗೆ ಹೇಳಲು ಏನೂ ಇರಲಿಲ್ಲ. ಯಾರಿಂದಲೂ ಏನೂ ತಂದಿರಲಿಲ್ಲ, ಯಾರಿಗೂ ಏನೂ ಕೊಟ್ಟಿರಲಿಲ್ಲ. ಮಂಜಿನೊಳಗೆ ಹೋದವನು ಮತ್ತೆ ಕಾಣಲಿಲ್ಲ.

ದ್ಯಾಮಿ ಉಳಿದ ಏಣಿಗಳನ್ನೂ ಎತ್ತಿ ಮುಗಿಸಿ ಓಣಿಗೆ ಬಂದಳು. ಎರಡು ಗೋಡೆಗಳ ನಡುವೆ ಅವಳ ಮನೆ ನಿಂತಿತ್ತು. ಆದರೆ ಬಾಗಿಲಿರಲಿಲ್ಲ. ಸುತ್ತಿ ಹಿತ್ತಲಿಗೆ ಹೋಗಿ ನೋಡಿದರೆ ಬಾಗಿಲು ಅಲ್ಲಿತ್ತು, ಗುಡ್ಡಕ್ಕೆ ಮುಖ ಮಾಡಿ. ಕಣ್ಣು ಮಂಜಾದಾಗ ಎತ್ತಿದ ಆ ಒಂದು ಸಾಲು ತಿರುಚಿಕೊಂಡಿತ್ತು, ಅದರ ಜೊತೆ ಮನೆಯೂ ತಿರುಗಿತ್ತು.

ಹೊಸ್ತಿಲ ಮೇಲೆ ತುಂಗಿ ಕೂತಿದ್ದಳು. ತಾಯಿಯನ್ನು ಕಂಡವಳೇ ಎರಡೂ ಕೈ ಚಾಚಿದಳು. ದ್ಯಾಮಿಯ ಎಡ ಸೊಂಟ ತುಂಬಿತು.

ಒಳಗಿಂದ ಚೌಡವ್ವ ಬಂದಳು. "ಎಲ್ಲಿ ಹಾಳಾಗಿ ಹೋಗಿದ್ದೆ? ಬಾಗಿಲು ತೆಗೆದ್ರೆ ಬರೀ ಬೆಳ್ಳಗೆ, ನೀನೂ ಇಲ್ಲ, ಊರೂ ಇಲ್ಲ. ಮಗು ಅವ್ವ ಅವ್ವ ಅಂತ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡಿದೆ. ಒಂದು ಟಗರು ತರೋಕೆ ಇಷ್ಟು ಹೊತ್ತಾ?" ಆಮೇಲೆ ಬಾಗಿಲು ನೋಡಿದಳು, ಗುಡ್ಡ ನೋಡಿದಳು. "ಇದನ್ನೂ ತಿರುಚಿ ಎತ್ತಿದ್ದೀಯ. ನಿನ್ನ ಕೈಗಿಷ್ಟು."

"ಬಿಚ್ಚಿ ಸರಿಮಾಡ್ತೀನಿ ಅತ್ತೆ."

ಚೌಡವ್ವ ಹೊಸ್ತಿಲ ಮೇಲೆ ಕೂತಳು. ಅಲ್ಲಿಂದ ಬೀರ ಹತ್ತಿಹೋದ ದಾರಿ ಪೂರ್ತಿ ಕಾಣುತ್ತಿತ್ತು.

"ಇರಲಿ ಬಿಡು" ಅಂದಳು. "ಗಾಳಿ ಬರುತ್ತೆ."

ಸೊಸೆಯೂ ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಇಬ್ಬರೂ ಬೈದಾಡಲಿಲ್ಲ.

ಅಂದೇ ದ್ಯಾಮಿ ಒನಕೆ ಹೊತ್ತು ಕಲ್ಲವ್ವನ ಮನೆಗೆ ಹೋದಳು. ಕಲ್ಲವ್ವ ಭತ್ತ ಕುಟ್ಟಿಕೊಂಡಳು, ಒನಕೆ ಒರೆಸಿದಳು, ಮತ್ತೆ ದ್ಯಾಮಿಯ ಹೆಗಲಿಗೇ ಇಟ್ಟಳು. "ನಿಮ್ಮಲ್ಲೇ ಇರಲಿ. ನಂಗೆ ಬೇಕಾದಾಗ ಬಂದು ಬೈದು ಇಸ್ಕೋತೀನಿ."

ಅಲ್ಲಿಂದ ಮುಂದೆ ಕುಳಿರುನಾಡಿನಲ್ಲಿ ನಾಡಶಾಲನ್ನು ಒಬ್ಬರ ಕೈಗೇ ಕೊಡಲಿಲ್ಲ. ಸರದಿಯ ಮೇಲೆ ಎಲ್ಲ ಮನೆಯವರೂ ಹೋಗಿ ಹೆಣೆದರು, ರಾಜನೂ ಕಾಲುಚೀಲ ಬದಿಗಿಟ್ಟು ಹೋದ. ಮನೆಗಳು ಆಗಾಗ ಜಾರಿದವು. ಜಾರಿದ ಕೂಡಲೇ ಪಕ್ಕದ ಮನೆಯವರು ಕೂಗು ಹಾಕಿದರು, ಏಕೆಂದರೆ ಅಲ್ಲಿ ಯಾರೂ ತಂದದ್ದನ್ನು ಪೂರ್ತಿ ವಾಪಸು ಕೊಡುತ್ತಿರಲಿಲ್ಲ. ಒಬ್ಬರ ಜರಡಿ ಇನ್ನೊಬ್ಬರಲ್ಲಿ, ಅವರ ಸೌಟು ಮತ್ತೊಬ್ಬರಲ್ಲಿ. ಹೀಗೆ ಒಬ್ಬರನ್ನೊಬ್ಬರು ಬೈದುಕೊಂಡು, ಒಬ್ಬರಿಗೊಬ್ಬರು ನೆನಪಿದ್ದು, ಆ ನಾಡಿನವರೆಲ್ಲ ಬೆಚ್ಚಗೆ ಬಾಳಿದರು.